ನೋರಾಳ ಕೊನೆಯ ಮಾತು

ಅನುವಾದದ ವಿಷಯ ಬಂದಾಗಲೆಲ್ಲ ನಾನು ವಿದ್ಯಾರ್ಥಿಗಳ ಮುಂದೆ ಇಬ್ಸೆನ್ನನ ಒಂದು ಮಾತನ್ನು ಇಡುವುದು ವಾಡಿಕೆ. ನಾರ್ವೆಯ ಆ ನಾಟಕಕಾರನ ‘ಬೊಂಬೆಮನೆ’ಯ ಕೊನೆಯ ಅಂಕದಲ್ಲಿ ಅದು ಬರುತ್ತದೆ. ನೀನು ಮೊದಲು ಹೆಂಡತಿ, ತಾಯಿ ಎಂದು ಗಂಡ ಹೆಲ್ಮರ್ ನೆನಪಿಸುತ್ತಾನೆ. ಅದಕ್ಕೂ ಮೊದಲು ತಾನು ಮನುಷ್ಯಜೀವಿ ಎಂಬರ್ಥದ ಉತ್ತರವನ್ನು ನೋರಾ ಕೊಡುತ್ತಾಳೆ. ನೋಡಲು ಸಣ್ಣ ಮಾತು. ಆದರೆ ಅದರ ಚರಿತ್ರೆ ಸಣ್ಣದಲ್ಲ.

ಇಬ್ಸೆನ್ ಈ ನಾಟಕದ ಬಹುಭಾಗವನ್ನು 1879ರಲ್ಲಿ ಇಟಲಿಯ ಅಮಾಲ್ಫಿಯಲ್ಲಿ ಕುಳಿತು ಬರೆದ. ಅದೇ ಡಿಸೆಂಬರ್ 4ರಂದು ಕೋಪನ್‌ಹೇಗನ್ನಿನಲ್ಲಿ 8,000 ಪ್ರತಿಗಳು ಅಚ್ಚಾಗಿ ಹೊರಬಂದವು. ತಿಂಗಳೊಳಗೆ ಎಲ್ಲವೂ ಖರ್ಚಾದವು. ಡಿಸೆಂಬರ್ 21ರಂದು ಅಲ್ಲಿನ ರಾಯಲ್ ಥಿಯೇಟರಿನಲ್ಲಿ ಮೊದಲ ಪ್ರಯೋಗ ನಡೆಯಿತು.

ಕಥೆ ಓದುಗರಿಗೆ ತಿಳಿದದ್ದೇ. ಗಂಡನ ಪ್ರಾಣ ಉಳಿಸಲು ನೋರಾ ಗುಟ್ಟಾಗಿ ಸಾಲ ಮಾಡುತ್ತಾಳೆ. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಸಾಲ ತೆಗೆಯುವಂತಿರದ ಕಾಲ ಅದು. ಪತ್ರಕ್ಕೆ ಜಾಮೀನಾಗಿ ತಂದೆಯ ರುಜುವನ್ನು ತಾನೇ ಹಾಕುತ್ತಾಳೆ. ಗುಟ್ಟು ರಟ್ಟಾದಾಗ ಗಂಡ ಅವಳ ಪ್ರೀತಿಯನ್ನು ನೋಡದೆ ತನ್ನ ಮಾನವನ್ನೇ ನೋಡುತ್ತಾನೆ. ನಾರ್ವೆಯಲ್ಲಿ ವಿವಾಹಿತ ಸ್ತ್ರೀಗೆ ತನ್ನ ಗಳಿಕೆಯ ಮೇಲೆ ಅಧಿಕಾರ ಬಂದದ್ದು 1888ರ ಕಾನೂನಿನಿಂದ. ಅಂದರೆ ನಾಟಕ ಬಂದು ಒಂಬತ್ತು ವರ್ಷಗಳಾದ ಮೇಲೆ.

ಇದು ಬರಿಯ ಕಲ್ಪನೆಯಲ್ಲ. ಇಬ್ಸೆನ್ನನ ಪರಿಚಯದ ಲೇಖಕಿ ಲಾರಾ ಕೀಲರ್ ಕ್ಷಯರೋಗಿ ಗಂಡನಿಗಾಗಿ ಹೀಗೆಯೇ ಸಾಲ ಮಾಡಿದ್ದಳು. ವಿಷಯ ತಿಳಿದಾಗ ಗಂಡ ಅವಳನ್ನು ಮಕ್ಕಳಿಂದ ಅಗಲಿಸಿ ಹುಚ್ಚಾಸ್ಪತ್ರೆಗೆ ಸೇರಿಸಿದ. ನಾಟಕದ ನೋರಾ ತಾನಾಗಿ ಬಾಗಿಲು ದಾಟಿದಳು. ಬದುಕಿನ ನೋರಾಳನ್ನು ಬಾಗಿಲಿನಿಂದ ಆಚೆಗೆ ಕಳುಹಿಸಲಾಯಿತು. ಕೊನೆಗೆ ಲಾರಾ ಅದೇ ಮನೆಗೆ ಹಿಂತಿರುಗಿದಳು.

ಜರ್ಮನಿಯಲ್ಲಿ ನಾಟಕಕ್ಕೇ ಇಂಥ ಗತಿ ಬಂತು. 1880ರಲ್ಲಿ ನೋರಾಳ ಪಾತ್ರ ವಹಿಸಬೇಕಾಗಿದ್ದ ಹೆಡ್ವಿಗ್ ನೀಮನ್‌-ರಾಬೆ ಎಂಬ ಪ್ರಸಿದ್ಧ ನಟಿ, ತಾನಾದರೆ ಮಕ್ಕಳನ್ನು ಬಿಟ್ಟು ಹೋಗುವವಳಲ್ಲವೆಂದು ಹಟ ಹಿಡಿದಳು. ಆ ದೇಶದಲ್ಲಿ ಇಬ್ಸೆನ್ನನ ಕೃತಿಗೆ ಹಕ್ಕಿನ ರಕ್ಷಣೆಯಿರಲಿಲ್ಲ. ಬೇರೆಯವರು ಕೆಡಿಸುವುದಕ್ಕಿಂತ ತಾನೇ ಕೆಡಿಸುವುದು ಲೇಸೆಂದು ಅವನು ಇನ್ನೊಂದು ಮುಕ್ತಾಯ ಬರೆದುಕೊಟ್ಟ. ಅದರಲ್ಲಿ ಗಂಡ ಅವಳನ್ನು ಮಕ್ಕಳು ಮಲಗಿರುವ ಕೋಣೆಯ ಬಾಗಿಲಿಗೆ ಕರೆದೊಯ್ಯುತ್ತಾನೆ. ಅವಳು ಅಲ್ಲೇ ಕುಸಿಯುತ್ತಾಳೆ. ಆ ನಟಿಯನ್ನು ನಾನು ಹಳಿಯಲಾರೆ. ಅವಳ ಪ್ರಶ್ನೆ ಸುಳ್ಳಲ್ಲ. ನೋರಾ ಹೋದಮೇಲೆ ಆ ಮೂವರು ಮಕ್ಕಳ ಗತಿಯೇನು? ಇಬ್ಸೆನ್ ಅದಕ್ಕೆ ಉತ್ತರ ಹೇಳಲಿಲ್ಲ. ಆದರೆ ಆ ತಿದ್ದುಪಾಟು ತನ್ನ ನಾಟಕದ ಮೇಲೆ ನಡೆದ ಅತ್ಯಾಚಾರವೆಂಬ ನೋವನ್ನು ಮಾತ್ರ ಅವನು ಮುಚ್ಚಿಡಲಿಲ್ಲ. 1898ರಲ್ಲಿ ನಾರ್ವೆಯ ಮಹಿಳಾ ಸಂಘವೊಂದು ಸನ್ಮಾನಿಸಿದಾಗ, ತಾನು ಬರೆದದ್ದು ಸ್ತ್ರೀಯರ ಹಕ್ಕಿನ ಪ್ರಚಾರಕ್ಕಲ್ಲ, ಮನುಷ್ಯರನ್ನು ಚಿತ್ರಿಸುವುದಕ್ಕೆ ಎಂದ.

ಮನುಷ್ಯ! ತೊಡಕು ಇರುವುದು ಇಲ್ಲಿಯೇ. ನಾರ್ವೆಯ ಭಾಷೆಯಲ್ಲಿ ಆ ಪದ ನಪುಂಸಕಲಿಂಗ. ಹೆಣ್ಣಿಗೂ ಗಂಡಿಗೂ ಒಂದೇ. ನಮ್ಮ ‘ಮನುಷ್ಯ’ ಪುಲ್ಲಿಂಗ. ‘ನಾನು ಮೊದಲು ಮನುಷ್ಯಳು’ ಎಂದರೆ ವ್ಯಾಕರಣ ಒಪ್ಪೀತು, ಕಿವಿ ಒಪ್ಪದು. ‘ವ್ಯಕ್ತಿ’ ಎಂದರೆ ಕಚೇರಿಯ ಕಾಗದದ ವಾಸನೆ.

ಈ ಸಲ ಇದನ್ನೇ ಕೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ನಾನೂ ಒಂದು ಜೀವ ಅಂದರೆ ಸಾಲದೇ ಸಾರ್? ನಮ್ಮಜ್ಜಿ ಹಾಗೇ ಅನ್ನುತ್ತಿದ್ದರು” ಎಂದಳು.

ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ನನಗೆ ನಮ್ಮ ತಂದೆಯ ನೆನಪಾಯಿತು. ತಾಯಿಯ ವಿಷಯ ಹೇಳುವಾಗ ಅವರು ಹೆಸರು ಹಿಡಿದವರಲ್ಲ. ‘ನಮ್ಮ ಮನೆಯಲ್ಲಿ ಊರಿಗೆ ಹೋಗಿದ್ದಾರೆ’ ಎನ್ನುತ್ತಿದ್ದರು. ಅದರಲ್ಲಿ ಗೌರವವಿತ್ತು, ಅಕ್ಕರೆಯೂ ಇತ್ತು. ಇಲ್ಲದಿದ್ದವಳು ತಾಯಿಯೊಬ್ಬಳೇ; ಅವಳಿರಬೇಕಾದ ಜಾಗದಲ್ಲಿ ಮನೆ ಇತ್ತು.

ಕರಿಹಲಗೆಯ ಮೇಲೆ ಬರೆದಿದ್ದ ನನ್ನ ಅನುವಾದವನ್ನು ಒರಸಿ, ಆ ಹುಡುಗಿಯ ಅಜ್ಜಿಯ ಮಾತನ್ನೇ ಬರೆದೆ.