ಶರಾವತಿ ಮತ್ತು ಅಘನಾಶಿನಿ ಅಳಿವೆಗಳು: ಮಾನವ ಚಟುವಟಿಕೆ ಮತ್ತು ಜಲಜೀವಿಗಳು

ನದಿಯ ಸಿಹಿನೀರು ಕಡಲಿನ ಉಪ್ಪುನೀರಿನೊಡನೆ ಬೆರೆಯುವ ನದೀಮುಖಕ್ಕೆ ಅಳಿವೆ ಎಂದು ಹೆಸರು. ಭರತ-ಇಳಿತಗಳಿಗೂ ಮಳೆಗಾಲ-ಬೇಸಿಗೆಗಳಿಗೂ ತಕ್ಕಂತೆ ಇಲ್ಲಿಯ ನೀರಿನ ಉಪ್ಪಿನಂಶ ಏರಿಳಿಯುತ್ತದೆ; ಮೀನು, ಸಿಗಡಿ, ಏಡಿ, ಚಿಪ್ಪುಜೀವಿಗಳ ಬೆಳವಣಿಗೆ ಈ ಏರಿಳಿತವನ್ನೇ ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದಕ್ಕೊಂದು ಸಮೀಪದಲ್ಲೇ ಇರುವ ಎರಡು ಅಳಿವೆಗಳು ಕಳೆದ ಶತಮಾನದಲ್ಲಿ ಹಿಡಿದ ಬೇರೆ ಬೇರೆ ದಾರಿಗಳು ಮಾನವನ ಹಸ್ತಕ್ಷೇಪದ ಪರಿಣಾಮವನ್ನು ತಿಳಿಯಲು ಒಳ್ಳೆಯ ನಿದರ್ಶನಗಳಾಗಿವೆ.

ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಲಾಯಿತು. ಬಳಿಕ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂದಿತು. ಮಳೆಗಾಲದ ನೀರನ್ನು ಹಿಡಿದಿಟ್ಟು ವಿದ್ಯುತ್ತಿಗಾಗಿ ವರ್ಷವಿಡೀ ಬಿಡುವುದರಿಂದ, ಹಿಂದೆ ಬೇಸಿಗೆಯಲ್ಲಿ ಉಪ್ಪೇರುತ್ತಿದ್ದ ಅಳಿವೆಗೆ ಆ ಕಾಲದಲ್ಲೂ ಸಿಹಿನೀರು ಹರಿದುಬರತೊಡಗಿತು. ನೀರಿನಲ್ಲಿ ವಿಷ ಬೆರೆಯದಿದ್ದರೂ ಉಪ್ಪು ತಗ್ಗಿದ್ದೇ ಕುತ್ತಾಯಿತು: ಈಜಿ ದೂರ ಸರಿಯಬಲ್ಲ ಮೀನುಗಳಂತಲ್ಲದೆ ಕೆಸರುಮರಳಿನಲ್ಲೇ ಹುದುಗಿ ಬಾಳುವ ಬಳಚು ಮುಂತಾದ ಚಿಪ್ಪುಜೀವಿಗಳು ಇಲ್ಲಿ ತೀರಾ ಕ್ಷೀಣಿಸಿದವು.

ಕುಮಟಾದ ಬಳಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು, ಕಾಲಿನಿಂದ ತಡವಿ ಬಳಚು ಹೆಕ್ಕುವ ಹೆಂಗಸರ ದುಡಿಮೆ ಇಲ್ಲಿ ಉಳಿದುಬಂದಿರುವುದಕ್ಕೆ ಇದೇ ಮುಖ್ಯ ಕಾರಣ. ಹಾಗೆಂದು ಈ ಅಳಿವೆಯೂ ಮನುಷ್ಯರ ಕೈ ಸೋಕದ ತಾಣವಲ್ಲ. ದಡದ ಗಜನಿಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ರೈತರು ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಿನ ನಂತರ ಒಡ್ಡಿನ ಬಾಗಿಲು ತೆರೆದು ಭರತದ ನೀರನ್ನೂ ಅದರೊಡನೆ ಬರುವ ಮೀನು-ಸಿಗಡಿಗಳನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಗದ್ದೆಯಲ್ಲುಳಿದ ಕೂಳೆ ಕೊಳೆತು ಅವುಗಳಿಗೆ ಆಹಾರವಾಗುತ್ತಿತ್ತು. ಅನ್ನವನ್ನೂ ಮೀನನ್ನೂ ಒಂದೇ ನೆಲದಿಂದ ಪಡೆದ ಈ ಪದ್ಧತಿ ಕರಾವಳಿಯ ಅಮೂಲ್ಯ ಅರಿವು. ಮುಂದೆ ಎದ್ದ ಶಾಶ್ವತ ಒಡ್ಡುಗಳು ಮತ್ತು ವಾಣಿಜ್ಯ ಸಿಗಡಿ ಕೃಷಿ ಇದನ್ನು ಕುಗ್ಗಿಸಿದವು. ಮೀನುಮರಿಗಳಿಗೆ ಆಸರೆಯಾದ ಕಾಂಡ್ಲಾ (ಮ್ಯಾಂಗ್ರೋವ್) ವನಗಳೂ ಕಡಿಮೆಯಾದವು. ಕರಾವಳಿ ನಿಯಂತ್ರಣ ವಲಯದಲ್ಲಿ ವಾಣಿಜ್ಯ ಸಿಗಡಿ ಕೊಳಗಳನ್ನು ನಿರ್ಬಂಧಿಸಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 1996ರ ಡಿಸೆಂಬರಿನಲ್ಲಿ.

ತದಡಿಯಲ್ಲಿ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವವು ಸ್ಥಳೀಯರ ತೀವ್ರ ವಿರೋಧಕ್ಕೆ ಗುರಿಯಾಗಿ ಕೈಗೂಡಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ಈ ನದಿಯ ನೀರನ್ನು ಪೂರ್ವದ ವೇದಾವತಿಗೆ ತಿರುಗಿಸುವ ಪ್ರಸ್ತಾವ ಚರ್ಚೆಯಲ್ಲಿದೆ. ಅದು ಜಾರಿಯಾದರೆ ಶರಾವತಿಯಲ್ಲಿ ಆದದ್ದಕ್ಕೆ ತದ್ವಿರುದ್ಧವಾಗಿ, ಇಲ್ಲಿ ಸಿಹಿನೀರು ತಗ್ಗಿ ಉಪ್ಪೇರುವ ಭಯವಿದೆ.