ದಾವಣಗೆರೆ–ಹರಿಹರದ ಆಡುನುಡಿ: ಬದಲಾವಣೆ ಮತ್ತು ಸಾಮಾಜಿಕ ಗುರುತು

ದಾವಣಗೆರೆ ಮತ್ತು ಹರಿಹರದ ಆಡುಗನ್ನಡ ಮೈಸೂರು ಸೀಮೆಯ ಕನ್ನಡಕ್ಕೂ ಧಾರವಾಡ ಸೀಮೆಯ ಕನ್ನಡಕ್ಕೂ ನಡುವಿನದು. ಹರಿಹರದ ಪಕ್ಕದಲ್ಲೇ ಹರಿಯುವ ತುಂಗಭದ್ರೆ 1956ರ ನವೆಂಬರ್ 1ರವರೆಗೆ ಮೈಸೂರು ಮತ್ತು ಮುಂಬಯಿ ರಾಜ್ಯಗಳ ಗಡಿಯಾಗಿತ್ತು. ಈಚೆ ದಡದಲ್ಲಿ ತಾಲ್ಲೂಕಿನ ಅಧಿಕಾರಿ ಅಮಲ್ದಾರ, ಊರಿನ ಲೆಕ್ಕ ಬರೆಯುವವನು ಶಾನುಭೋಗ. ಆಚೆ ದಡದ ರಾಣೆಬೆನ್ನೂರಿನಲ್ಲಿ ಅದೇ ಹುದ್ದೆಗಳಿಗೆ ಮಾಮಲೇದಾರ, ಕುಲಕರ್ಣಿ ಎಂಬ ಹೆಸರು. ಆಚೆಯವರು ಹೆಸರಿನ ಮುಂದೆ ಅಡ್ಡಹೆಸರು ಹಚ್ಚಿದರೆ, ಈಚೆಯವರು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಿಂದೆ ಇಟ್ಟುಕೊಂಡರು. ಹೊಳೆಗೆ 1868ರಲ್ಲೇ ಸೇತುವೆಯಾಗಿತ್ತು, ಸಂತೆ ಮತ್ತು ಬೀಗತನ ಎರಡೂ ದಡಕ್ಕೆ ಸೇರಿದ್ದವು. ಹಾಗಾಗಿ ಕಚೇರಿಯ ಮಾತು ಬೇರೆಯಾದಷ್ಟು ಮನೆಯ ಮಾತು ಬೇರೆಯಾಗಲಿಲ್ಲ.

ಈ ನಡುಸೀಮೆಯ ಗುರುತು ಚಿಕ್ಕ ಚಿಕ್ಕ ರೂಪಗಳಲ್ಲಿ ಕಾಣುತ್ತದೆ. ಮೈಸೂರಿನ 'ಆಯ್ತು' ಇಲ್ಲಿ 'ಆತು'. 'ಬನ್ನಿ' ಇಲ್ಲಿ 'ಬರ್ರಿ'. 'ತಗೊಳ್ಳಿ' ಎಂಬುದು 'ತಗಳ್ರಿ'. 'ಮನೆ' ಮತ್ತು 'ಮನಿ' ಎರಡೂ ಕಿವಿಗೆ ಬೀಳುತ್ತವೆ. ಊರಿನ ಹೆಸರೇ ಹೊಳೆಯಾಚೆಯವರ ಬಾಯಲ್ಲಿ 'ದಾವಣಗೇರಿ' ಆಗುತ್ತದೆ. ಮೈಸೂರಿನ ಕಡಲೆಪುರಿ, ಹುಬ್ಬಳ್ಳಿಯ ಚುರುಮುರಿ ಇಲ್ಲಿ ಮಂಡಕ್ಕಿ. ಸಂಜೆ ಗಾಡಿಯ ಮುಂದೆ ನಿಂತು 'ಒಂದ್ ಪ್ಲೇಟ್ ಮಂಡಕ್ಕಿ ಮೆಣಸಿನಕಾಯಿ' ಎಂದು ಕೇಳುವವರು ಯಾವ ಸೀಮೆಯವರೆಂದು ಬೇರೆ ವಿಚಾರಿಸಬೇಕಿಲ್ಲ.

ದಾವಣಗೆರೆ ಪೇಟೆಯಾಗಿ ಬೆಳೆದ ಊರು. ಹೈದರಾಲಿ ಇದನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆಸಿ ನೆಲೆ ಮಾಡಿಸಿದ. ಮುಂದೆ ರೈಲು, ಹತ್ತಿ, ಬಟ್ಟೆ ಗಿರಣಿಗಳು ಬಂದವು. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. 1970ರ ದಶಕದಲ್ಲಿ ಎದುರು ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಎದ್ದಿತು. ಮರಾಠಿ, ತೆಲುಗು, ತಮಿಳು, ಉರ್ದು ಮನೆಮಾತಿನವರು ಒಂದೇ ಪಾಳಿಯಲ್ಲಿ ದುಡಿದರು. ಲೇತು, ಟರ್ನರು, ಫಿಟ್ಟರು, ಶಿಫ್ಟು ಎಂಬ ಮಾತುಗಳ ಸುತ್ತ ಬೆಳೆದದ್ದು ಇಲ್ಲಿನ ಕನ್ನಡವೇ.

ಆದರೆ ಮಾತು ಮತ್ತು ಸಾಮಾಜಿಕ ಸ್ಥಾನದ ಗಂಟು ಬಿಗಿಯಾಗಿದ್ದುದು ಪದಗಳಿಗಿಂತ ಹೆಚ್ಚಾಗಿ ಏಕವಚನ–ಬಹುವಚನದಲ್ಲಿ. ಹಳ್ಳಿಯಲ್ಲಿ ಗೌಡರ ಮನೆಯ ಹತ್ತು ವರ್ಷದ ಹುಡುಗ ಅರವತ್ತರ ಆಳನ್ನು 'ಬಾರೋ' ಎನ್ನಬಹುದಿತ್ತು. ಆಳು ಆ ಹುಡುಗನಿಗೆ 'ಸಣ್ಣ ಗೌಡ್ರೇ, ಬರ್ರಿ' ಎನ್ನಬೇಕಿತ್ತು. ಹೆಸರುಗಳೂ ಹಾಗೆಯೇ. ಮೇಲಿನವರ ಹೆಸರಿಗೆ 'ಅಪ್ಪ' ಸೇರುತ್ತಿತ್ತು, ಕೇರಿಯವರದು 'ಕರಿಯ', 'ಕೆಂಚ' ಎಂಬಲ್ಲಿಗೇ ಮುಗಿಯುತ್ತಿತ್ತು. ಮಠದ ಮಾತಿನದು ಇನ್ನೊಂದು ಮೆಟ್ಟಿಲು. ಅಲ್ಲಿ ಊಟ 'ಪ್ರಸಾದ'ವಾಗುತ್ತದೆ, ಬರುವುದು 'ದಯಮಾಡಿಸುವುದು', ಸಾವು 'ಲಿಂಗೈಕ್ಯ'. ಸಲುಗೆಯ 'ಲೇ' ಎಲ್ಲಕ್ಕಿಂತ ಸೂಕ್ಷ್ಮ: ಗೆಳೆಯರ ನಡುವೆ 'ಏನಲೇ' ಪ್ರೀತಿ, ಅಪರಿಚಿತನಿಗೆ ಅದೇ ಮಾತು ಜಗಳಕ್ಕೆ ಕರೆ.

ಇಂಥ ಮೆಟ್ಟಿಲುಗಳು ಜಾವಾ ದ್ವೀಪದ ಭಾಷೆಯಲ್ಲಿ ಇನ್ನೂ ಕಡಿದಾಗಿವೆ. ಜಾವಾನೀಸ್‌ನಲ್ಲಿ ಸಲುಗೆಯ ಮಾತಿಗೂ ಮರ್ಯಾದೆಯ ಮಾತಿಗೂ ಶಬ್ದಗಳೇ ಬೇರೆ. 'ಉಣ್ಣು' ಎನ್ನಲು ಎದುರಿನವರ ಸ್ಥಾನ ನೋಡಿ ಬೇರೆ ಬೇರೆ ಪದ ಆರಿಸಬೇಕು. 1928ರ ಯುವಜನರ ಪ್ರತಿಜ್ಞೆಯಲ್ಲಿ ಎತ್ತಿಹಿಡಿದು, 1945ರ ಸಂವಿಧಾನದಲ್ಲಿ ರಾಜ್ಯಭಾಷೆಯಾದ ಇಂಡೋನೇಷಿಯನ್ ಭಾಷೆಗೆ ಆ ಹೊರೆ ಇರಲಿಲ್ಲ. ಓದಿದ ಜಾವಾನೀಯರು ಅದರತ್ತ ವಾಲಲು ಇದೂ ಒಂದು ಕಾರಣ. ಕನ್ನಡಿಗರಿಗೆ ಹಾಗೆ ದಾಟಿಕೊಳ್ಳಲು ಇನ್ನೊಂದು ದೇಸಿ ಭಾಷೆ ಇರಲಿಲ್ಲ. ಇದ್ದದ್ದು ಇಂಗ್ಲಿಷು.

ಆ ದಾರಿಯನ್ನು ಬಾಯಿಬಿಟ್ಟು ಹೇಳಿದವರು ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ 1973ರ ನವೆಂಬರ್ ತಿಂಗಳಲ್ಲೇ, ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಅವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು, ದಲಿತರು ಇಂಗ್ಲಿಷ್ ಕಲಿಯಬೇಕೆಂದರು. ಗಲಭೆಗಳಾದವು, ಅವರು ರಾಜೀನಾಮೆ ಕೊಡಬೇಕಾಯಿತು. ಬೂಸಾ ದನಕ್ಕೆ ಹಾಕುವ ತೌಡು ಹೊಟ್ಟಿನ ಮೇವು. ರೈತರ ಸೀಮೆಯಿಂದ ಬಂದವರ ಬಾಯಲ್ಲಿ ಆ ಪದ ಸಹಜವಾಗಿತ್ತು, ಸಾಹಿತ್ಯದ ವೇದಿಕೆಯಲ್ಲಿ ಸಿಡಿಲಾಯಿತು. ಅದೇ ಹರಿಹರದವರಾದ ಪ್ರೊ. ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದುಕೊಂಡು ಆ ದಶಕದ ನಡುವೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಒಂದೇ ಚಿಕ್ಕ ಊರಿನ ಈ ಇಬ್ಬರಲ್ಲಿ ಒಬ್ಬರು ಕನ್ನಡದ ಆಚೆ ಕೈ ತೋರಿಸಿದರೆ, ಇನ್ನೊಬ್ಬರು ಕನ್ನಡ ಪಾಠ ಹೇಳುತ್ತಲೇ ಚಳವಳಿ ಕಟ್ಟಿದರು. ಚಳವಳಿ ಮುಟ್ಟಿದ ಹಳ್ಳಿಗಳಲ್ಲಿ ಮೊದಲು ಪ್ರಶ್ನೆಗೆ ಒಳಗಾದದ್ದು 'ಬಾರೋ', 'ಹೋಗೋ'. ದಾಖಲೆಗಳಲ್ಲಿ ಕರಿಯ ಕರಿಯಪ್ಪನಾದ. ಬರವಣಿಗೆಯಲ್ಲೂ ಕೇರಿಯ ಮಾತಿಗೆ ಜಾಗ ಸಿಕ್ಕಿತು. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬಂದ ದೇವನೂರ ಮಹಾದೇವರ 'ಕುಸುಮಬಾಲೆ' (1984) ಅದರ ದೊಡ್ಡ ಉದಾಹರಣೆ.

ಜಾತಿಗನುಗುಣವಾದ ನುಡಿಭೇದವನ್ನು ಭಾಷಾವಿಜ್ಞಾನಿಗಳು ಇದಕ್ಕೂ ಮೊದಲೇ ಗುರುತಿಸಿದ್ದರು. 1960ರ ಸುಮಾರಿಗೆ ವಿಲಿಯಂ ಮೆಕಾರ್ಮ್ಯಾಕ್ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಬಗ್ಗೆ ಬರೆದರು. ವಿಲಿಯಂ ಬ್ರೈಟ್ ಮತ್ತು ಎ.ಕೆ. ರಾಮಾನುಜನ್ ಬ್ರಾಹ್ಮಣ ಮತ್ತು ಬ್ರಾಹ್ಮಣೇತರ ನುಡಿಗಳು ಬದಲಾಗುವ ಬಗೆಯನ್ನು ಹೋಲಿಸಿದರು. ಧಾರವಾಡದ 'ಅದ' ಮತ್ತು 'ಐತಿ' ಇಂಥ ಜೋಡಿ. ದಾವಣಗೆರೆಯ ಪೇಟೆಯಲ್ಲಿ ಶಾಲೆಯ 'ಇದೆ' ಇವನ್ನೆಲ್ಲ ಹಿಂದಕ್ಕೆ ತಳ್ಳುತ್ತಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ ಬಂದ ಮೇಲೆ ಓದಿದವರು 'ಐತಿ'ಯನ್ನು ಮನೆಗೆ, 'ಇದೆ'ಯನ್ನು ಕಚೇರಿಗೆ ಎಂದು ಹಂಚಿಕೊಂಡಿದ್ದಾರೆ. ಯಾರಿಗೂ ನೋವಾಗದಂತೆ ತಪ್ಪಿಸಿಕೊಳ್ಳಲು 'ಸರ್', 'ಮೇಡಂ' ಇವೆ. ಅಣ್ಣಾರು, ಸಾವ್ಕಾರ್ರು ಮಂಡಿಯಲ್ಲಿ ಉಳಿದಿದ್ದಾರೆ.

ಮುಸ್ಲಿಂ ಮನೆಗಳ ದಖನಿ ಉರ್ದು ಕನ್ನಡದ ವಾಕ್ಯದ ಅಚ್ಚಿನಲ್ಲಿ ಬೆಳೆದಿದೆ: ಕನ್ನಡದ 'ಅಂತ' ಇರುವ ಜಾಗದಲ್ಲಿ ಅದು 'ಬೋಲ್ಕೆ' ಎನ್ನುತ್ತದೆ. ಲಂಬಾಣಿಯದು ಬೇರೆ ಕಥೆ. ಜನಗಣತಿ ಅದನ್ನು ಹಿಂದಿಯ ಅಡಿಯಲ್ಲಿ ಎಣಿಸುತ್ತದೆ. ಆಡುವವರು ಗೋರ್‌ಬೋಲಿ ಎನ್ನುತ್ತಾರೆ. ತಾಂಡಾದಿಂದ ಪೇಟೆಗೆ ಬಂದ ಮನೆಗಳಲ್ಲಿ ಅಜ್ಜಿ ಲಂಬಾಣಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗ ಕನ್ನಡದಲ್ಲಿ ಉತ್ತರ ಕೊಡುವುದು ಮಾಮೂಲು. ಅದೇ ಹೊತ್ತಿಗೆ 'ಬಂಜಾರ' ಎಂಬ ಹೆಸರಿನಡಿ ಗುರುತು ಗಟ್ಟಿಯಾಗಿದೆ, ಭಾಷೆಯನ್ನು ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿಸಬೇಕೆಂಬ ಬೇಡಿಕೆಯೂ ಇದೆ. ಸಂತ ಸೇವಾಲಾಲರು ಹುಟ್ಟಿದ ಸ್ಥಳವೆಂದು ಸಮುದಾಯ ನಂಬುವ ಸೂರಗೊಂಡನಕೊಪ್ಪ ಈಗ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. ಗೋರ್‌ಬೋಲಿಗೆ ಸ್ವಂತ ಲಿಪಿಯಿಲ್ಲ; ಕರ್ನಾಟಕದಲ್ಲಿ ಕನ್ನಡದಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಬರೆಯುತ್ತಾರೆ. ಸೂರಗೊಂಡನಕೊಪ್ಪದ ಜಾತ್ರೆಗೆ ಬಂದವರು ಯಾವ ರಾಜ್ಯದವರಾದರೂ ಕೂಡಿ ಹಾಡಬಲ್ಲರು. ಒಬ್ಬರು ಬರೆದುಕೊಂಡ ಹಾಡನ್ನು ಇನ್ನೊಬ್ಬರು ಓದಲಾರರು.