ಕಡಿದಾದ ದಂಡೆಯಿಂದ ಉದುರುವ ಶಾರ್ಕ್ ಹಲ್ಲುಗಳು
ಕ್ಯಾಲ್ವರ್ಟ್ ಕ್ಲಿಫ್ಸ್, ಮೇರಿಲ್ಯಾಂಡ್, ಅಮೆರಿಕ

ಚೆಸಪೀಕ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಗೋಡೆಯಂತೆ ಎದ್ದು ನಿಂತಿರುವ ಈ ಮರಳು, ಜೇಡಿಮಣ್ಣಿನ ಪದರಗಳು ಮಯೋಸೀನ್ ಯುಗದ ಕಡಲತಳ. ಸುಮಾರು 1ರಿಂದ 2 ಕೋಟಿ ವರ್ಷಗಳ ಹಿಂದೆ ಇಲ್ಲಿ ತಿಮಿಂಗಿಲಗಳೂ ಶಾರ್ಕ್‌ಗಳೂ ಈಜುತ್ತಿದ್ದವು. ಅಲೆ, ಮಳೆಗೆ ದಂಡೆ ಕುಸಿದಾಗಲೆಲ್ಲ ಹಲ್ಲುಗಳು ತೀರಕ್ಕೆ ಬಂದು ಬೀಳುತ್ತವೆ.

ಶಾರ್ಕ್‌ನ ಅಸ್ಥಿಪಂಜರ ಮೃದ್ವಸ್ಥಿಯದು. ಪಳೆಯುಳಿಕೆಯಾಗಿ ಉಳಿಯುವುದು ಅಪರೂಪ. ಹಲ್ಲು ಹಾಗಲ್ಲ. ಒಂದೊಂದು ಶಾರ್ಕ್ ಬದುಕಿನುದ್ದಕ್ಕೂ ಸಾವಿರಾರು ಗಟ್ಟಿ ಹಲ್ಲುಗಳನ್ನು ಉದುರಿಸುತ್ತದೆ. ಹೂತ ಮಣ್ಣಿನ ಖನಿಜಗಳು ಸೇರಿ ಅವು ಕಪ್ಪು, ಬೂದು, ಕಂದು ಬಣ್ಣ ತಳೆಯುತ್ತವೆ.

ಎಲ್ಲರೂ ಹುಡುಕುವುದು ಅಳಿದುಹೋದ ದೈತ್ಯ ಶಾರ್ಕ್ ಮೆಗಲೋಡಾನ್‌ನ ಹಲ್ಲನ್ನು. ಅತಿ ದೊಡ್ಡವು 17 ಸೆಂ.ಮೀ. ದಾಟುತ್ತವೆ, ಅಂಚಿನ ಮೇಲೆ ಬೆರಳಾಡಿಸಿದರೆ ಗರಗಸದಂಥ ಸಣ್ಣ ಕಚ್ಚುಗಳು ಈಗಲೂ ತಾಕುತ್ತವೆ. ಆದರೆ ನುರಿತ ಸಂಗ್ರಾಹಕರ ಕಣ್ಣರಳಿಸುವುದು ಕೌ ಶಾರ್ಕ್‌ನ ಕೆಳದವಡೆಯ ಹಲ್ಲು. ಒಂದೇ ಬೇರಿನ ಮೇಲೆ ಸಾಲಾಗಿ ಬಾಗಿದ ಹಲವು ಮೊನೆಗಳು! ಇವು ಬಹು ಸುಲಭವಾಗಿ ಮುರಿಯುವುದರಿಂದ ಪೂರ್ಣವಾಗಿ ಸಿಕ್ಕುವುದು ನಿಜಕ್ಕೂ ಭಾಗ್ಯ.

ಯೂರೋಪಿನಲ್ಲಿ ಶಾರ್ಕ್‌ನ ಪಳೆಯುಳಿಕೆ ಹಲ್ಲುಗಳನ್ನು ಬಹುಕಾಲ ಕಲ್ಲಾದ ನಾಲಗೆಗಳೆಂದು ನಂಬಿದ್ದರು. 1666ರಲ್ಲಿ ಫ್ಲಾರೆನ್ಸ್‌ನಲ್ಲಿ ಶಾರ್ಕ್‌ನ ತಲೆಯೊಂದನ್ನು ಛೇದಿಸಿ ನೋಡಿದ ಅಂಗರಚನಾ ತಜ್ಞ ನಿಕೋಲಸ್ ಸ್ಟೆನೊ, ಅವು ಶಾರ್ಕ್ ಹಲ್ಲುಗಳನ್ನೇ ಹೋಲುತ್ತವೆಂದು ಸಮರ್ಥವಾಗಿ ವಾದಿಸಿದ.

ಕ್ಯಾಲ್ವರ್ಟ್ ಕ್ಲಿಫ್ಸ್ ಸ್ಟೇಟ್ ಪಾರ್ಕ್‌ನ ತೀರದಲ್ಲಿ ಬಿದ್ದ ಹಲ್ಲುಗಳನ್ನು ಹೆಕ್ಕಬಹುದು. ದಂಡೆಯನ್ನು ಅಗೆಯುವುದು, ಅದರ ಬುಡದಲ್ಲಿ ನಡೆಯುವುದು ನಿಷಿದ್ಧ: ಮಣ್ಣು ಮುನ್ಸೂಚನೆಯಿಲ್ಲದೆ ಕುಸಿಯುತ್ತದೆ. ಅಪರೂಪದ್ದು ಸಿಕ್ಕರೆ ಜಾಗ, ದಿನಾಂಕ ಬರೆದಿಡಿ. ಸಾಲೊಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಂನ ತಜ್ಞರಿಗೆ ತೋರಿಸಿ.